ತಾಂಬರಂ ಸ್ಯಾನಟೋರಿಯಂನಿಂದ ಕೀಹೋಲ್‌ವರೆಗೆ: ಎದೆಯ ಆಪರೇಷನ್ ಮತ್ತು ರಕ್ತ ತೆಳು ಮಾಡುವ ಮಾತ್ರೆಯ ಕಥೆ



ನಮ್ಮ ವೇಲಚೇರಿಯಿಂದ ಪಳ್ಳಿಕರಣೆ, ಮೇಡವಾಕ್ಕಂ ಮಾರ್ಗವಾಗಿ ತಾಂಬರಂಗೆ ಹೋಗುವ ರಸ್ತೆಯಲ್ಲಿ ನಾವೆಲ್ಲ ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಲೋಕಲ್ ಟ್ರೇನಿನಲ್ಲಿ 'ತಾಂಬರಂ ಸ್ಯಾನಟೋರಿಯಂ' ಎಂಬ ಸ್ಟೇಷನ್ ಬಂದಾಗ, ಆ ಹೆಸರು ಏಕೆ ಬಂತು ಎಂದು ನಾನು ಇಪ್ಪತ್ತು ವರ್ಷ ಯೋಚಿಸಿದವಳೇ ಅಲ್ಲ. ಹೋದ ವರ್ಷ ನಮ್ಮ ಅತ್ತೆಯವರಿಗೆ ಎದೆಯ ಒಂದು ಸಣ್ಣ ಆಪರೇಷನ್ ಆಗಬೇಕಾಗಿ ಬಂದಾಗ ಯೋಚಿಸಬೇಕಾಯಿತು.

ಅತ್ತೆಯವರಿಗೆ ಎಪ್ಪತ್ತೊಂದು ವರ್ಷ. ಇಪ್ಪತ್ತೈದು ವರ್ಷಕ್ಕೂ ಹಿಂದೆ ಹೃದಯದ ಮೈಟ್ರಲ್ ಕವಾಟ ಕೆಟ್ಟು, ಲೋಹದ ಕವಾಟ ಹಾಕಿದ್ದಾರೆ. ಅಂದಿನಿಂದ ಪ್ರತಿ ಸಂಜೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆ ತಪ್ಪಿಸಿಲ್ಲ. ಹೋದ ವರ್ಷ ಬಲ ಎದೆಯಲ್ಲಿ ನೀರು ತುಂಬಿಕೊಂಡಿತು. ಸೂಜಿ ಹಾಕಿ ತೆಗೆದರೆ ಮತ್ತೆ ತುಂಬಿತು. ನೀರಿನ ಪರೀಕ್ಷೆಯಲ್ಲಿ ಕಾರಣ ತಿಳಿಯಲಿಲ್ಲ. "ಪಕ್ಕೆಲುಬಿನ ಸಂದಿಯಲ್ಲಿ ಒಂದು ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸೋಣ" ಅಂದರು ವೈದ್ಯರು.

ಅಡ್ಮಿಟ್ ಆಗುವ ದಿನ ನರ್ಸ್ ಕೇಳಿದರು, "ಮಾತ್ತಿರೈ ನಿರುತ್ತಿಟ್ಟೀಂಗಳಾ ಅಮ್ಮಾ?" ಅತ್ತೆ ಹೆಮ್ಮೆಯಿಂದಲೇ ಹೇಳಿದರು, "ನಿಲ್ಲಿಸಿ ಎಂಟು ದಿನ ಆಯ್ತಮ್ಮ." ನನ್ನ ಎದೆ ಧಸಕ್ಕೆಂದಿತು. ವೈದ್ಯರು ಹೇಳಿದ್ದು ನಾಲ್ಕು ದಿನದ ಮೊದಲು ಫೋನ್ ಮಾಡಿ, ಆಗ ತಿಳಿಸುತ್ತೇವೆ ಎಂದು. ನಾವು ಫೋನ್ ಮಾಡುವ ಮೊದಲೇ ಪಕ್ಕದ ಮನೆಯವರು "ಆಪರೇಷನ್ ಅಂದ್ರೆ ಬ್ಲಡ್ ತಿನ್ನರ್ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ರೆ ರಕ್ತ ನಿಲ್ಲೋದೇ ಇಲ್ಲ" ಎಂದಿದ್ದರಂತೆ. ಅತ್ತೆ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದರು.

ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆಸ್ಪತ್ರೆಯ ವರಾಂಡದಲ್ಲಿ ಕೂತ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಎರಡು ಪ್ರಶ್ನೆ ಸುತ್ತುತ್ತಿದ್ದವು. ಎದೆಗೆ ತೂತು ಮಾಡಿ ಒಳಗೆ ನೋಡುವ ಧೈರ್ಯ ಮೊದಲು ಯಾರಿಗೆ ಬಂತು? ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ಮಾತ್ರೆ ಎಲ್ಲಿಂದ ಬಂತು? ಹುಡುಕುತ್ತಾ ಹೋದರೆ ಎರಡು ಕಥೆಗಳೂ ಒಂದು ಊರಿನಲ್ಲಿ ಸಂಧಿಸಿದವು.

ದೀಪದ ಬೆಳಕಿನಲ್ಲಿ ಎದೆಯೊಳಗೆ

1866ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಫ್ರಾನ್ಸಿಸ್ ಕ್ರೂಸ್ ಎಂಬ ವೈದ್ಯರು ಹನ್ನೊಂದು ವರ್ಷದ ಒಬ್ಬ ಹುಡುಗಿಯ ಎದೆಯೊಳಗೆ ನೋಡಿದರು. ಅವಳ ಎದೆಯಲ್ಲಿ ಕೀವು ತುಂಬಿ, ಅದನ್ನು ಹೊರಬಿಡಲು ಮೊದಲೇ ದಾರಿ ಮಾಡಲಾಗಿತ್ತು. ಆ ದಾರಿಯಲ್ಲೇ ಒಂದು ಕೊಳವೆ ಇಳಿಸಿ, ದೀಪದ ಬೆಳಕನ್ನು ಒಳಗೆ ಹಾಯಿಸಿ ನೋಡಿದರು. ಹುಡುಗಿ ಗುಣವಾದಳು. ಆದರೆ ಅದು ಅಲ್ಲಿಗೇ ನಿಂತಿತು.

ಅದನ್ನು ಒಂದು ಪದ್ಧತಿಯಾಗಿ ಬೆಳೆಸಿದವರು ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಹ್ಯಾನ್ಸ್ ಕ್ರಿಶ್ಚಿಯನ್ ಯಾಕೊಬಿಯಸ್. ಅವರು ಸರ್ಜನ್ ಅಲ್ಲ, ನಮ್ಮ ಮಾತಿನಲ್ಲಿ 'ಜನರಲ್ ಮೆಡಿಸಿನ್' ವೈದ್ಯರು. 1910ರಲ್ಲಿ ಅವರು ಮೂತ್ರಕೋಶ ನೋಡುವ ಸಿಸ್ಟೋಸ್ಕೋಪನ್ನು ಹೊಟ್ಟೆ ಮತ್ತು ಎದೆಯ ಒಳಭಾಗ ನೋಡಲು ಬಳಸಿದ ವಿವರ ಪ್ರಕಟಿಸಿದರು. ಇಂದಿನ ಥೊರಾಕೋಸ್ಕೋಪಿಯ ಹುಟ್ಟು ಅಲ್ಲಿ.

ಆ ಕಾಲದಲ್ಲಿ ಇದರ ಅಗತ್ಯ ಏನಿತ್ತು? ಕ್ಷಯ. ಕ್ಷಯಕ್ಕೆ ಔಷಧವಿರಲಿಲ್ಲ. ಇಟಲಿಯ ಕಾರ್ಲೊ ಫೋರ್ಲಾನಿನಿ 1882ರಲ್ಲಿ ಒಂದು ಉಪಾಯ ಸೂಚಿಸಿದ್ದರು. ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಸೂಜಿಯಿಂದ ಗಾಳಿ ತುಂಬಿದರೆ ಶ್ವಾಸಕೋಶ ಕುಗ್ಗುತ್ತದೆ, ಅದಕ್ಕೆ ವಿಶ್ರಾಂತಿ ಸಿಗುತ್ತದೆ, ಹುಣ್ಣು ಮಾಯುತ್ತದೆ. ಆದರೆ ಅನೇಕ ರೋಗಿಗಳಲ್ಲಿ ಶ್ವಾಸಕೋಶ ಎದೆಗೋಡೆಗೆ ಅಲ್ಲಲ್ಲಿ ಎಳೆಎಳೆಯಾಗಿ ಅಂಟಿಕೊಂಡಿರುತ್ತಿತ್ತು. ಗಾಳಿ ತುಂಬಿದರೂ ಕುಗ್ಗುತ್ತಿರಲಿಲ್ಲ. ಯಾಕೊಬಿಯಸ್ ಎರಡು ತೂತು ಮಾಡಿ, ಒಂದರಲ್ಲಿ ನೋಡುತ್ತಾ, ಇನ್ನೊಂದರಲ್ಲಿ ವಿದ್ಯುತ್ತಿನಿಂದ ಕಾದ ತಂತಿ ಇಳಿಸಿ ಆ ಎಳೆಗಳನ್ನು ಸುಟ್ಟು ಕತ್ತರಿಸತೊಡಗಿದರು. ಕತ್ತರಿಯ ಬದಲು ಕಾದ ತಂತಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಆ ಎಳೆಗಳೊಳಗೆ ರಕ್ತನಾಳಗಳಿರುತ್ತವೆ. ಬರಿದೇ ಕತ್ತರಿಸಿದರೆ ಎದೆಯೊಳಗೆ ರಕ್ತ ಸುರಿಯುತ್ತದೆ, ಹೊರಗಿನಿಂದ ಬೆರಳಿಟ್ಟು ಒತ್ತಿ ನಿಲ್ಲಿಸಲಾಗದು. ಅಂದರೆ ಎದೆಯ ಕೀಹೋಲ್ ಆಪರೇಷನ್ನಿಗೆ ರಕ್ತಸ್ರಾವದ ಹೆದರಿಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

ತಾಂಬರಂ ಮತ್ತು ಮೈಸೂರು

ಸ್ಟೇಷನ್ನಿನ ಹೆಸರಿನ ಕಥೆಗೆ ಬರೋಣ. ತಾಂಬರಂನ ಸ್ಯಾನಟೋರಿಯಂ ಸ್ಥಾಪಿಸಿದವರು ಡಾ. ಡೇವಿಡ್ ಚೌರಿ ಮುತ್ತು. ಇಂಗ್ಲೆಂಡಿನ ಮೆಂಡಿಪ್ ಹಿಲ್ಸ್‌ನಲ್ಲಿ ಕ್ಷಯದ ಆಸ್ಪತ್ರೆ ನಡೆಸುತ್ತಿದ್ದ ಭಾರತೀಯ ವೈದ್ಯರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರಿಗೆ 1917ರಲ್ಲಿ ಕ್ಷಯವೆಂದು ಭಾವಿಸಿ ಚಿಕಿತ್ಸೆ ನಡೆದ ಜಾಗಗಳಲ್ಲಿ ಅದೂ ಒಂದು. ಚೌರಿ ಮುತ್ತು ತಾಯ್ನಾಡಿಗೆ ಮರಳಿ 1928ರಲ್ಲಿ ತಾಂಬರಂನಲ್ಲಿ 12 ಹಾಸಿಗೆಗಳ ಸ್ಯಾನಟೋರಿಯಂ ತೆರೆದರು. 1937ರಲ್ಲಿ ಅದು ಮದ್ರಾಸ್ ಸರ್ಕಾರದ ಕೈಗೆ ಬಂತು. ಇಂದು ಅದೇ ಸರ್ಕಾರಿ ಎದೆರೋಗ ಆಸ್ಪತ್ರೆ.

ನಮ್ಮ ಮೈಸೂರಿಗೂ ಇಂಥದೇ ಕಥೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ನೆನಪಿನಲ್ಲಿ ಕಟ್ಟಿದ್ದೇ ಪಿಕೆಟಿಬಿ ಸ್ಯಾನಟೋರಿಯಂ. ಮೈಸೂರಿನಲ್ಲಿ ಬೆಳೆದ ನಮಗೆಲ್ಲ 'ಪಿಕೆ ಸ್ಯಾನಟೋರಿಯಂ' ಎಂದರೆ ಮಕ್ಕಳನ್ನು ಹೆದರಿಸುವ ಹೆಸರಾಗಿತ್ತು. ಆ 'ಪಿ' ಮತ್ತು 'ಕೆ' ಒಬ್ಬ ಹೆಣ್ಣುಮಗಳ ಹೆಸರು ಎಂದು ಎಷ್ಟು ಜನಕ್ಕೆ ಗೊತ್ತು? ಅರಮನೆಯ ವೈದ್ಯರಿದ್ದರೂ, ಬೇಕಾದಷ್ಟು ಹಣವಿದ್ದರೂ ಕ್ಷಯ ಬಿಡಲಿಲ್ಲ.

1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬಂತು, 1952ರಲ್ಲಿ ಐಸೋನಯಾಜಿಡ್ ಬಳಕೆಗೆ ಬಂತು. 1956ರಲ್ಲಿ ನಮ್ಮ ಮದ್ರಾಸಿನ ಚೆಟ್‌ಪೇಟ್‌ನಲ್ಲಿ ಕ್ಷಯ ಔಷಧ ಸಂಶೋಧನಾ ಕೇಂದ್ರ ಶುರುವಾಯಿತು. ಸ್ಯಾನಟೋರಿಯಂನಲ್ಲಿ ಮಲಗಿಸಿ ಚಿಕಿತ್ಸೆ ಕೊಟ್ಟ ರೋಗಿಗಳನ್ನೂ ಮನೆಯಲ್ಲೇ ಮಾತ್ರೆ ನುಂಗಿದ ಬಡ ರೋಗಿಗಳನ್ನೂ ಹೋಲಿಸಿ, ಮನೆಯ ಚಿಕಿತ್ಸೆಯೂ ಅಷ್ಟೇ ಫಲ ಕೊಡುತ್ತದೆ ಎಂದು 1959ರಲ್ಲಿ ತೋರಿಸಿದ್ದು ಈ ಕೇಂದ್ರ. ಜಗತ್ತೇ ಒಪ್ಪಿದ ಫಲಿತಾಂಶ ಅದು. ಶ್ವಾಸಕೋಶ ಕುಗ್ಗಿಸುವ ಚಿಕಿತ್ಸೆ ಬೇಡವಾಯಿತು. ಅದರ ಜೊತೆಗೆ ಯಾಕೊಬಿಯಸ್‌ರ ಕೊಳವೆಯೂ ಬಹುಪಾಲು ಕಪಾಟು ಸೇರಿತು. ಯುರೋಪಿನ ಕೆಲವೆಡೆ ಮಾತ್ರ ರೋಗ ಪತ್ತೆಗೆ ಉಳಿದುಕೊಂಡಿತು.

ಯಕೃತ್ತಿನ ಸಾರ, ಕೊಳೆತ ಹುಲ್ಲು

ಇನ್ನೊಂದು ಕಥೆ ಅಮೆರಿಕದಲ್ಲಿ ಶುರು. 1916ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ತದ್ವಿರುದ್ಧ. ನಾಯಿಯ ಯಕೃತ್ತಿನ ಸಾರ ಹಾಕಿದರೆ ರಕ್ತ ಹೆಪ್ಪುಗಟ್ಟುತ್ತಲೇ ಇರಲಿಲ್ಲ. ಅವರ ಗುರು ವಿಲಿಯಂ ಹೊವೆಲ್ 1918ರಲ್ಲಿ ಇಂಥ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಹೆಪಾರ್ ಎಂದರೆ ಯಕೃತ್ತು.

ಅದನ್ನು ಶುದ್ಧ ಮಾಡಿ ಮನುಷ್ಯರಿಗೆ ಕೊಡಲು ಇಪ್ಪತ್ತು ವರ್ಷ ಬೇಕಾಯಿತು. ಆ ಕೆಲಸ ಒಂದು ಕಡೆ ಕೆನಡಾದ ಟೊರಾಂಟೊದಲ್ಲಿ, ಇನ್ನೊಂದು ಕಡೆ ಸ್ಟಾಕ್‌ಹೋಮ್‌ನಲ್ಲಿ ನಡೆಯಿತು. ಹೌದು, ಯಾಕೊಬಿಯಸ್‌ರ ಅದೇ ಊರು. ಅಲ್ಲಿ ಎರಿಕ್ ಯೋರ್ಪೆಸ್ ಹೆಪಾರಿನ್ ಶುದ್ಧಗೊಳಿಸಿದರು. ಎದೆಯ ಸರ್ಜನ್ ಕ್ಲಾರೆನ್ಸ್ ಕ್ರಾಫೋರ್ಡ್ 1930ರ ದಶಕದಲ್ಲಿ ಅದನ್ನು ಆಪರೇಷನ್ ಆದ ರೋಗಿಗಳಿಗೆ ಕೊಡತೊಡಗಿದರು. ಆಪರೇಷನ್ ಚೆನ್ನಾಗಿ ಆಗಿ, ರೋಗಿ ಎದ್ದು ಕೂತು, ಇದ್ದಕ್ಕಿದ್ದಂತೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಾಯುವುದನ್ನು ಅವರು ಕಂಡಿದ್ದರು. ರಕ್ತ ಹೆಚ್ಚು ಹರಿದರೂ ಸಾವು, ಹೆಪ್ಪುಗಟ್ಟಿದರೂ ಸಾವು ಎಂಬ ಇಕ್ಕಟ್ಟು ಅಂದೇ ಸರ್ಜನ್‌ಗಳ ಮುಂದಿತ್ತು.

ಹೆಪಾರಿನ್ ಚುಚ್ಚುಮದ್ದು. ಮಾತ್ರೆ ಬಂದದ್ದು ದನದ ಕೊಟ್ಟಿಗೆಯಿಂದ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ಕೊಂಬು ಕತ್ತರಿಸಿದಷ್ಟಕ್ಕೇ ರಕ್ತ ನಿಲ್ಲದೆ ಸಾಯುತ್ತಿದ್ದವು. ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಕಾರಣ ಹಿಡಿದರು. ಅವು ತಿಂದದ್ದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಹುಲ್ಲು. ಮಳೆಗಾಲದಲ್ಲಿ ಬಣವೆಯ ಹುಲ್ಲು ಮುಗ್ಗಲಾದರೆ ದನಕ್ಕೆ ಹಾಕಬೇಡ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ನೆನಪಾಗುತ್ತದೆ.

1933ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್‌ನ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಹಸುವನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಆ ಹುಲ್ಲನ್ನೂ ಲಾರಿಯಲ್ಲಿ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಸಿಕ್ಕಿದವರು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್. ಅವರ ತಂಡ ಆರು ವರ್ಷ ದುಡಿದು 1939ರಲ್ಲಿ ಆ ವಸ್ತುವನ್ನು ಬೇರ್ಪಡಿಸಿತು. ಅದರ ಬಳಗದ್ದೇ ಇನ್ನೊಂದು ವಸ್ತು ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ! 1954ರಲ್ಲಿ ಮನುಷ್ಯರಿಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಈ ಮಾತ್ರೆ ರಕ್ತವನ್ನು ಮಜ್ಜಿಗೆಗೆ ನೀರು ಬೆರೆಸಿದಂತೆ ತೆಳು ಮಾಡುವುದಿಲ್ಲ. ಯಕೃತ್ತು ವಿಟಮಿನ್ ಕೆ ಬಳಸಿ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ತಯಾರಿಸುತ್ತದೆ, ಮಾತ್ರೆ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಅದಕ್ಕೇ ಶುರು ಮಾಡಿದರೂ ನಿಲ್ಲಿಸಿದರೂ ಪರಿಣಾಮ ಕಾಣಲು ದಿನಗಳು ಹಿಡಿಯುತ್ತವೆ. ಒಂದು ದಿನ ನುಗ್ಗೆಸೊಪ್ಪು, ಬಸಳೆ ತುಂಬ ತಿಂದು ಇನ್ನೊಂದು ವಾರ ಸೊಪ್ಪೇ ಮುಟ್ಟದಿದ್ದರೆ ಲೆಕ್ಕ ತಪ್ಪುವುದೂ ಇದರಿಂದಲೇ. ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ಲೆಕ್ಕ ನೋಡುವ ರಕ್ತಪರೀಕ್ಷೆ ಪಿಟಿ. ಒಂದೊಂದು ಲ್ಯಾಬಿನಲ್ಲಿ ಒಂದೊಂದು ಸಂಖ್ಯೆ ಬರುತ್ತಿದ್ದ ಗೊಂದಲ ತಪ್ಪಿಸಲು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಐಎನ್‌ಆರ್ ಎಂಬ ಒಂದೇ ಅಳತೆ ತಂದಿತು.

ಟಿಕ್ ಟಿಕ್ ಎನ್ನುವ ಕವಾಟ

ಈ ಮಾತ್ರೆ ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಹೆಣ್ಣುಮಕ್ಕಳ ಮೂಲಕ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಬಂದು ಹೋಗುವ ರುಮಾಟಿಕ್ ಜ್ವರ ಮುಂದೆ ಮೈಟ್ರಲ್ ಕವಾಟವನ್ನು ಕಿರಿದು ಮಾಡುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಸುರಿನಲ್ಲಿ ಏದುಸಿರು ಬಂದಾಗಲೇ ಎಷ್ಟೋ ಜನಕ್ಕೆ ಗೊತ್ತಾಗುತ್ತಿತ್ತು.

ಐಡಾ ಸ್ಕಡರ್ ಕಟ್ಟಿದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1949ರಲ್ಲಿ ರೀವ್ ಬೆಟ್ಸ್ ದೇಶದ ಮೊದಲ ಎದೆ ಶಸ್ತ್ರಚಿಕಿತ್ಸಾ ವಿಭಾಗ ತೆರೆದರು. 1960ರಲ್ಲಿ ಅಮೆರಿಕದಲ್ಲಿ ಆಲ್ಬರ್ಟ್ ಸ್ಟಾರ್ ಮತ್ತು ಲೋವೆಲ್ ಎಡ್ವರ್ಡ್ಸ್ ಅವರ ಕೃತಕ ಕವಾಟ ಬಂತು. ಲೋಹಕ್ಕೆ ರಕ್ತ ತಾಗಿದರೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಜೀವನಪೂರ್ತಿ ಮಾತ್ರೆ. ವಿದೇಶದ ಕವಾಟದ ಬೆಲೆ ನಮ್ಮವರ ಕೈಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ವರ್ಷಗಟ್ಟಲೆ ಸೋತು ಗೆದ್ದು ದೇಶೀ ಕವಾಟ ಮಾಡಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲು ರೋಗಿಗೆ ಅಳವಡಿಸಿದರು. ತಯಾರಿಕೆಗೆ ಕೈಹಾಕಿದ್ದು ನಮ್ಮ ಚೆನ್ನೈನ ಟಿಟಿಕೆ ಸಮೂಹ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. ಅತ್ತೆಯವರ ಹಳೆಯ ಕಾರ್ಡಿನಲ್ಲಿ 'ಚಿತ್ರಾ' ಎಂದೇ ಬರೆದಿದೆ. ರಾತ್ರಿ ಮನೆ ಸದ್ದಡಗಿದಾಗ ಪಕ್ಕದಲ್ಲಿ ಮಲಗಿದರೆ ಅದರ ಟಿಕ್ ಟಿಕ್ ನಮಗೂ ಕೇಳುತ್ತದೆ.

ಕಪಾಟಿನಿಂದ ಹೊರಬಂದ ಕೊಳವೆ

1980ರ ದಶಕದಲ್ಲಿ ಕೊಳವೆಯ ತುದಿಗೆ ಪುಟ್ಟ ವಿಡಿಯೋ ಕ್ಯಾಮೆರಾ ಸೇರಿತು. ಅಲ್ಲಿಯವರೆಗೆ ಒಬ್ಬರೇ ಕಣ್ಣಿಟ್ಟು ನೋಡಬೇಕಿತ್ತು, ಈಗ ಇಡೀ ತಂಡ ಟಿವಿ ಪರದೆಯಲ್ಲಿ ನೋಡಬಹುದಾಯಿತು. 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಪಿತ್ತಕೋಶವನ್ನು ಹೀಗೆ ತೆಗೆದರು. 1990ರಲ್ಲಿ ಡಾ. ತೆಹಮ್‌ಟನ್ ಉದ್ವಾಡಿಯಾ ಮುಂಬೈನ ಜೆಜೆ ಆಸ್ಪತ್ರೆಯಲ್ಲಿ ಅದನ್ನು ಭಾರತಕ್ಕೆ ತಂದರು. ಬೆನ್ನಿಗೇ ಎದೆಗೂ ಬಂತು. 1990ರ ದಶಕದ ಆರಂಭದಿಂದ 'ವ್ಯಾಟ್ಸ್' ಎಂಬ ಹೆಸರಿನಲ್ಲಿ ಶ್ವಾಸಕೋಶದ ಭಾಗವನ್ನೇ ಸಣ್ಣ ತೂತುಗಳಿಂದ ತೆಗೆಯತೊಡಗಿದರು. 2010ರ ಹೊತ್ತಿಗೆ ಸ್ಪೇನಿನ ಡಿಯೇಗೊ ಗೊನ್ಸಾಲೆಸ್ ರಿವಾಸ್ ಅದನ್ನು ಒಂದೇ ತೂತಿನಲ್ಲಿ ಮಾಡಿ ತೋರಿಸಿದರು.

ಮೊದಲಾದರೆ ಬೆನ್ನಿನಿಂದ ಎದೆಯವರೆಗೆ ಕೊಯ್ದು, ಪಕ್ಕೆಲುಬುಗಳನ್ನು ಅಗಲಿಸಬೇಕಿತ್ತು. ಈಗ ನೋವು ಕಡಿಮೆ, ಮನೆಗೆ ಹೋಗುವುದೂ ಬೇಗ. ಆದರೆ ತೂತು ಚಿಕ್ಕದಾದ ಮಾತ್ರಕ್ಕೆ ಅಪಾಯ ಚಿಕ್ಕದಲ್ಲ. ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿ ಒಂದು ರಕ್ತನಾಳ, ಒಂದು ನರ ಸಾಗುತ್ತವೆ. ಅದಕ್ಕೇ ವೈದ್ಯರು ಪಕ್ಕೆಲುಬಿನ ಮೇಲಂಚಿಗೆ ಒತ್ತಿ ಒಳಹೋಗುತ್ತಾರೆ. ಎದೆಗೂಡಿನಲ್ಲಿ ಲೀಟರುಗಟ್ಟಲೆ ರಕ್ತ ಸೋರಿ ನಿಂತರೂ ಹೊರಗೆ ಒಂದು ಹನಿ ಕಾಣದಿರಬಹುದು. ಅದಕ್ಕೇ ಆಪರೇಷನ್ ಆದ ಮೇಲೆ ಎದೆಗೆ ಟ್ಯೂಬ್ ಹಾಕಿ, ಬಾಟಲಿಗೆ ಬರುವುದನ್ನು ಗಂಟೆಗಂಟೆಗೂ ಅಳೆಯುವುದು. ರಕ್ತ ನಿಲ್ಲದಿದ್ದರೆ ಕೀಹೋಲ್ ಬಿಟ್ಟು ಎದೆಯನ್ನು ದೊಡ್ಡದಾಗಿ ತೆರೆಯಬೇಕಾಗುತ್ತದೆ.

ನಿಲ್ಲಿಸುವುದೋ, ಮುಂದುವರಿಸುವುದೋ

ಮೊದಲು ಇಂಥ ರೋಗಿಗಳಿಗೆಲ್ಲ ಮಾತ್ರೆ ನಿಲ್ಲಿಸಿ, ನಡುವಿನ ದಿನಗಳಿಗೆ ಹೆಪಾರಿನ್ ಚುಚ್ಚುವುದು ವಾಡಿಕೆ. 'ಬ್ರಿಡ್ಜಿಂಗ್' ಎಂದು ಹೆಸರು, ಆ ದಡಕ್ಕೂ ಈ ದಡಕ್ಕೂ ಸೇತುವೆ ಹಾಕಿದಂತೆ. 2015ರಲ್ಲಿ ಪ್ರಕಟವಾದ ಬ್ರಿಡ್ಜ್ ಎಂಬ ಅಧ್ಯಯನ, ಹೃದಯ ಬಡಿತದ ಏರುಪೇರಿಗೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ 1,884 ಜನರನ್ನು ನೋಡಿತು. ಹೆಪಾರಿನ್ ಇಲ್ಲದೆಯೂ ಹೆಪ್ಪುಗಟ್ಟುವ ತೊಂದರೆ ಹೆಚ್ಚಾಗಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಹೆಪಾರಿನ್ ಪಡೆದವರಲ್ಲಿ ಶೇ. 3.2, ಪಡೆಯದವರಲ್ಲಿ ಶೇ. 1.3. ಅವರಲ್ಲಿ ಬಹುಪಾಲು ಜನಕ್ಕೆ ಸೇತುವೆ ಬೇಡವೇ ಬೇಡ ಎಂದಾಯಿತು. ಆದರೆ ಲೋಹದ ಕವಾಟದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅತ್ತೆಯವರಂಥ ಮೈಟ್ರಲ್ ಕವಾಟದವರಿಗೆ ಇಂದಿಗೂ ಸಾಮಾನ್ಯವಾಗಿ ಸೇತುವೆ ಬೇಕು.

2008ರಿಂದೀಚೆಗೆ ಡಬಿಗಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಮಾತ್ರೆಗಳು ಬಂದಿವೆ. ಇವು ದೇಹದಿಂದ ಬೇಗ ಹೋಗುತ್ತವೆ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟರೆ ಸಾಕು. ಕಿಡ್ನಿ ದುರ್ಬಲವಿದ್ದವರಿಗೆ ಲೆಕ್ಕ ಬೇರೆ. ಇವು ಲೋಹದ ಕವಾಟದವರಿಗೆ ಆಗುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಲೆಕ್ಕ ಇನ್ನೂ ಬೇರೆ. ಸ್ಟೆಂಟ್ ಹೊಸದಾಗಿದ್ದರೆ ಆಪರೇಷನ್ನನ್ನೇ ಮುಂದೂಡಬೇಕಾಗಬಹುದು. ಒಬ್ಬರಿಗೆ ಹೇಳಿದ ದಿನಗಳು ಇನ್ನೊಬ್ಬರಿಗೆ ಹೊಂದುವುದಿಲ್ಲ ಎನ್ನುವುದು ಇದಕ್ಕೇ.

ಅತ್ತೆಯವರ ಕಥೆಯ ಕೊನೆ

ಅಂದು ಅತ್ತೆಯವರ ಐಎನ್‌ಆರ್ ನೋಡಿದರೆ ಮಾತ್ರೆ ತೆಗೆದುಕೊಳ್ಳದವರಷ್ಟೇ ಇತ್ತು. ಎಷ್ಟೋ ದಿನ ಆ ಕವಾಟ ಕಾವಲಿಲ್ಲದೆ ಬಡಿದಿತ್ತು. ವೈದ್ಯರು ಬೈಯಲಿಲ್ಲ. ಮೊದಲು ಎಕೋ ಮಾಡಿಸಿದರು. ಕವಾಟದ ಮೇಲೆ ಹೆಪ್ಪು ಕಾಣಲಿಲ್ಲ, ತಟ್ಟೆ ಸರಿಯಾಗಿ ಆಡುತ್ತಿತ್ತು. ಹೆಪಾರಿನ್ ಡ್ರಿಪ್ ಹಾಕಿ ಎರಡು ದಿನ ಮುಂದೂಡಿದರು. ಮೂರನೆಯ ದಿನ ಬೆಳಿಗ್ಗೆ ಕೆಲವು ಗಂಟೆ ಮೊದಲು ಡ್ರಿಪ್ ನಿಲ್ಲಿಸಿ ಥೊರಾಕೋಸ್ಕೋಪಿ ಮಾಡಿದರು. ಬಾಟಲಿಯಲ್ಲಿ ರಕ್ತ ಬರುತ್ತಿಲ್ಲ ಎಂದು ಖಚಿತವಾದ ಮೇಲೆ ಮತ್ತೆ ಹೆಪಾರಿನ್, ಆಮೇಲೆ ಮಾತ್ರೆ.

ಚೂರು ಮಾಂಸದ ಪರೀಕ್ಷೆಯಲ್ಲಿ ಬಂದದ್ದು ಕ್ಷಯ. ಡಬ್ಲಿನ್, ಸ್ಟಾಕ್‌ಹೋಮ್, ಮೈಸೂರು, ತಾಂಬರಂ ಎಲ್ಲವೂ ನಮ್ಮ ಮನೆಯ ಸೋಫಾದ ಮೇಲೆ ಬಂದು ಕೂತ ಹಾಗಾಯಿತು. ಆದರೆ ಇದು 1928 ಅಲ್ಲ. ಆರು ತಿಂಗಳ ಮಾತ್ರೆಯಲ್ಲಿ ಗುಣವಾಗುವ ಕಾಯಿಲೆ. ಅಲ್ಲೂ ಒಂದು ಕೊಕ್ಕೆ ಇತ್ತು. ಕ್ಷಯದ ರಿಫಾಂಪಿಸಿನ್, ಯಕೃತ್ತು ರಕ್ತದ ಮಾತ್ರೆಯನ್ನು ಬೇಗ ಬೇಗ ಕರಗಿಸುವಂತೆ ಮಾಡುತ್ತದೆ. ಐಎನ್‌ಆರ್ ಇಳಿಯುತ್ತಾ ಹೋಯಿತು, ಡೋಸ್ ಏರಿಸುತ್ತಾ ಹೋದರು. ಆರು ತಿಂಗಳಾಗಿ ರಿಫಾಂಪಿಸಿನ್ ನಿಂತ ಮೇಲೆ ಮತ್ತೆ ಜಾಗ್ರತೆಯಾಗಿ ಇಳಿಸಿದರು. ಇಳಿಸದಿದ್ದರೆ ರಕ್ತಸ್ರಾವ. ಆ ತಿಂಗಳುಗಳಲ್ಲಿ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಿಂತ ಐಎನ್‌ಆರ್ ದಿನಗಳೇ ಹೆಚ್ಚು ಗುರುತಾಗಿದ್ದವು.

ಈಗ ಅತ್ತೆ ಆರಾಮ. ಸಂಜೆ ಏಳಕ್ಕೆ ಮಾತ್ರೆ ನುಂಗಿ, "ನಿನ್ನ ರೈತನ ಹಸು ಹುಲ್ಲು ತಿಂದಾಯ್ತು" ಎಂದು ನನ್ನನ್ನು ಕಾಡಿಸುತ್ತಾರೆ.

ಸಖಿಯರೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂಥ ಮಾತ್ರೆ ಇದೆ. ಮೂರು ಮಾತು ಕೇಳಿಕೊಳ್ಳುತ್ತೇನೆ. ಮಾತ್ರೆಯ ಹೆಸರು, ಡೋಸ್, ಯಾಕೆ ಕೊಟ್ಟಿದ್ದಾರೆ, ಕೊನೆಯ ಐಎನ್‌ಆರ್ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಹಲ್ಲು ಕೀಳಿಸುವುದಿರಲಿ, ಎದೆಯ ಆಪರೇಷನ್ ಇರಲಿ, ಮಾತ್ರೆ ಕೊಟ್ಟ ವೈದ್ಯರನ್ನೂ ಆಪರೇಷನ್ ಮಾಡುವ ವೈದ್ಯರನ್ನೂ ಇಬ್ಬರನ್ನೂ ಕೇಳಿ. ಯಾವ ದಿನ ನಿಲ್ಲಿಸಬೇಕು, ಯಾವ ದಿನ ಮತ್ತೆ ಶುರು ಮಾಡಬೇಕು ಎರಡನ್ನೂ ಬರೆಸಿಕೊಳ್ಳಿ. ಹೊಸ ಔಷಧ ಯಾವುದೇ ಶುರುವಾದರೂ, ನಿಂತರೂ, ಈ ಮಾತ್ರೆಯ ವಿಷಯ ನೆನಪಿಸಿ. ಪಕ್ಕದ ಮನೆಯವರು ಒಳ್ಳೆಯವರೇ, ಕಷ್ಟಕ್ಕೆ ಮೊದಲು ಓಡಿ ಬರುವವರೂ ಅವರೇ. ಈ ಒಂದು ವಿಷಯಕ್ಕೆ ಮಾತ್ರ ಅವರ ಮಾತು ಬೇಡ.

ಮುಂದಿನ ಸಲ ಟ್ರೇನು ತಾಂಬರಂ ಸ್ಯಾನಟೋರಿಯಂನಲ್ಲಿ ನಿಂತಾಗ ಪಕ್ಕದಲ್ಲಿ ಮಕ್ಕಳಿದ್ದರೆ ಆ ಹೆಸರಿನ ಕಥೆ ಹೇಳಿ.